ಒಂದು ದೊನ್ನೆ ಪುಳಿಹೋರ

ಓಂಕಾರಪ್ಪನವರ ಸಂಕಟವೆಲ್ಲ ಶುರುವಾದದ್ದು ಒಂದು ದೊನ್ನೆ ಪುಳಿಹೋರದಿಂದ.

೨೦೦೪ರ ನವರಾತ್ರಿಯ ಐದನೆಯ ದಿನ. ವಿಜಯವಾಡದ ಬ್ಯಾಂಕಿನಲ್ಲಿ ಆರು ವರ್ಷ ಸವೆಸಿದ ಅವರಿಗೆ ಕಡೆಗೂ ಹುಟ್ಟೂರು ದಾವಣಗೆರೆಗೆ ವರ್ಗವಾಗಿತ್ತು. ಬರುವ ಒಂದನೇ ತಾರೀಖಿಗೆ ಹೋಗಿ ಸೇರದಿದ್ದರೆ ಆ ಕುರ್ಚಿ ಬೇರೆಯವರ ಪಾಲು. ಹರ್ನಿಯಾ ಆಪರೇಷನ್ ಆಗದೆ ಪ್ರಯಾಣ ಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಸರ್ಜನ್ ರಾಮಮೋಹನ್ ವಿಶಾಖಪಟ್ಟಣದಿಂದ ತಿಂಗಳಿಗೊಮ್ಮೆ ಬರುವವರು. ಆ ದಿನ ಇವತ್ತೇ.

ರಾತ್ರಿಯಿಂದ ಓಂಕಾರಪ್ಪನವರು ಹನಿ ನೀರೂ ಮುಟ್ಟಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಹೆಂಡತಿ ಜಯಮ್ಮ ಆಟೋ ಕರೆಯಲು ಹೋದಾಗ, ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದಿಂದ ಇಳಿದು ಬಂದ ಮನೆಯೊಡತಿ ಲಕ್ಷ್ಮೀಕಾಂತಮ್ಮ ಎದುರಾದರು.

“ಅಮ್ಮವಾರಿ ಪ್ರಸಾದಂ ಬಾಬೂ. ನಿಮ್ಮ ಆಪರೇಷನ್‌ಗೋಸ್ಕರ ಮೂರು ಗಂಟೆ ಲೈನಲ್ಲಿ ನಿಂತಿದ್ದೆ!”

“ಏನೂ ತಿನ್ನಬ್ಯಾಡ್ರಿ ಅಂದಾರಮ್ಮ ಡಾಕ್ಟ್ರು.”

“ತಿನ್ನೋದು ಟಿಫಿನ್ ಅಂಡೀ. ಇದು ಪ್ರಸಾದಂ!”

ದೊನ್ನೆಯಲ್ಲಿದ್ದ ಪುಳಿಯೋಗರೆಯ ಹುಣಸೆ, ಇಂಗಿನ ಘಮ ಮೂಗಿಗೆ ಬಿದ್ದದ್ದೇ ಓಂಕಾರಪ್ಪನವರು ಎಂಟು ವರ್ಷದ ಹುಡುಗನಾದರು. ಶಿವರಾತ್ರಿಯ ದಿನ ಅಜ್ಜಿ ಚೆನ್ನಮ್ಮ ಗುಡಿಯಿಂದ ಬಂದು, ವಿಭೂತಿ ವಾಸನೆಯ ಸೆರಗಿನ ಗಂಟು ಬಿಚ್ಚಿ ಅಂಗೈಗೆ ತಂಬಿಟ್ಟು ಹಾಕುತ್ತಿದ್ದಳು: “ಇದು ಊಟ ಅಲ್ಲ ಮಗಾ, ಶಿವ ಕೊಟ್ಟಿದ್ದು. ಉಪವಾಸ ಕೆಡಂಗಿಲ್ಲ.” ಅಜ್ಜಿಯ ಮಾತನ್ನು ಅವರು ಎಂದೂ ಮೀರಿದವರಲ್ಲ. ದೊನ್ನೆಯನ್ನು ಕಣ್ಣಿಗೊತ್ತಿಕೊಂಡು ಖಾಲಿ ಮಾಡಿದರು.

ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಹೇಮಾಕ್ಷಿ, ಬಳ್ಳಾರಿ ಕಡೆಯವರು. “ಏನಾದ್ರೂ ತಿಂದೀರಾ?”

“ಇಲ್ರೀ ಮೇಡಂ. ಬರೀ ಪ್ರಸಾದ.”

“ಪ್ರಸಾದ ಅಂದ್ರೆ?”

“ಪುಳಿಹೋರ. ಒಂದೇ ದೊನ್ನೆ. ಶೇಂಗಾ ಸ್ವಲ್ಪ ಜಾಸ್ತಿ ಇತ್ತು.”

ಜಯಮ್ಮ ಹಣೆ ಚಚ್ಚಿಕೊಂಡರು.

“ಸರ್, ಅದು ಪ್ರಸಾದ ಅಂತ ದೇವರಿಗೆ ಗೊತ್ತು, ಹೊಟ್ಟೆಗೆ ಗೊತ್ತಿಲ್ಲ! ಎಚ್ಚರ ತಪ್ಪಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಕುತ್ತು. ಎಣ್ಣೆ ಪದಾರ್ಥ ಕರಗಾಕ ಎಂಟು ತಾಸು ಬೇಕು. ನಾಲ್ಕು ಗಂಟೆಗೆ ನೋಡೋಣ.”

ಬ್ಯಾಂಕಿನ ಸಹೋದ್ಯೋಗಿ ದುರ್ಗಾಪ್ರಸಾದ್ ಎಳನೀರು ತಂದರು. ಪಕ್ಕದ ಮಂಚದವರು ಪೆಸರಟ್ಟಿನ ಪೊಟ್ಟಣ ಬಿಚ್ಚಿ, “ಒಂದು ತುಂಡು ತಗೊಳ್ಳಂಡೀ” ಎಂದರು. ಜಯಮ್ಮ ಕಾಳಿನ ಹೊಲ ಕಾಯುವವರಂತೆ ಎಲ್ಲರನ್ನೂ ಹುಶ್ ಎಂದು ಅಟ್ಟಿದರು. ಓಂಕಾರಪ್ಪನವರು ಕಣ್ಣು ಮುಚ್ಚಿ ಶಿವನಾಮ ಹಿಡಿದರು. ಎರಡು ನಾಮಗಳ ನಡುವೆ ದಾವಣಗೆರೆಯ ಬೆಣ್ಣೆದೋಸೆ ಹೊಗೆಯಾಡುತ್ತ ಬಂದು ಹೋಗುತ್ತಿತ್ತು.

ನಾಲ್ಕಕ್ಕೆ ಟ್ರಾಲಿ ಬಂತು. “ಈಗ ಹೊಟ್ಟೆ ಒರೆಸಿಟ್ಟ ಒರಳಿನಂಗೈತ್ರೀ ಮೇಡಂ” ಎಂದು ಹೆಮ್ಮೆಯಿಂದ ಮಲಗಿದರು.

ಆಪರೇಷನ್ ಕೋಣೆಯಿಂದ ಧೊಪ್ಪೆಂದು ಸದ್ದಾಯಿತು. ನರ್ಸ್ ಓಡಿಬಂದಳು. “ಮೇಡಂ! ಸರ್ ಪಡಿಪೋಯಾರು!”

ಬಿದ್ದದ್ದು ಸರ್ಜನ್ ರಾಮಮೋಹನ್. ಹೇಮಾಕ್ಷಿ ನಾಡಿ ಹಿಡಿದು ನಿಟ್ಟುಸಿರಿಟ್ಟರು. “ನವರಾತ್ರಿ ವ್ರತವಂತೆ. ಐದು ದಿನದಿಂದ ಬರೀ ನೀರು! ಇನ್ನು ಮುಂದಿನ ತಿಂಗಳೇ.”

“ಬಿಡಿ ಸಾರ್, ನಮ್ಮ ಜೊತೇಲೇ ಉಳೀತೀರಿ” ಎಂದು ದುರ್ಗಾಪ್ರಸಾದ್ ಸಂತೋಷಪಟ್ಟರು.

ಓಂಕಾರಪ್ಪನವರನ್ನು ಇಳಿಸಿ, ಅದೇ ಟ್ರಾಲಿಯ ಮೇಲೆ ಸರ್ಜನ್‌ರನ್ನು ಮಲಗಿಸಿದರು. ಹಿಂದೆ ತೆರೆದಿದ್ದ ಆಸ್ಪತ್ರೆಯ ಅಂಗಿಯನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಇನ್ನೊಂದರಲ್ಲಿ ಡಾಕ್ಟರ ಗ್ಲೂಕೋಸ್ ಬಾಟಲಿಯನ್ನು ಎತ್ತಿಹಿಡಿದು, ಓಂಕಾರಪ್ಪನವರು ಟ್ರಾಲಿಯ ಪಕ್ಕದಲ್ಲೇ ನಡೆದರು.