ಜೋಳಿಗೆ ಹೊರಲು ಐದು ಸೋಮವಾರದ ರಜೆ

ಇಂದ:
ಆದೆಪ್ಪ, ಬೋಧಕ (ಮನಃಶಾಸ್ತ್ರ ಮತ್ತು ನಡವಳಿಕೆ ವಿಶ್ಲೇಷಣೆ),
ಜನತಾ ಕಾಲೇಜು, ಮಸ್ಕಿ.

ಗೆ:
ಮೇಲ್ವಿಚಾರಕ ಸಾಹೇಬರು,
ಜನತಾ ಕಾಲೇಜುಗಳ ಕಛೇರಿ, ಲಿಂಗಸುಗೂರು.

ತಾರೀಖು: ೧೨ ಡಿಸೆಂಬರ್ ೧೯೫೩, ಶನಿವಾರ

ವಿಷಯ: ಭಿಕ್ಷೆಯ ಜೋಳಿಗೆ ಹೊರುವ ಸಲುವಾಗಿ ಐದು ಸೋಮವಾರ ರಜೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ೧) "ಪಾಠವನ್ನು ಊರಿನ ಉದಾಹರಣೆ ಕೊಟ್ಟೇ ಮಾಡತಕ್ಕದ್ದು" ಎಂಬ ತಮ್ಮ ಸುತ್ತೋಲೆ.
೨) ನಮ್ಮ ಓಣಿಯ ಪಂಪಮ್ಮನವರು ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ.

ಮಾನ್ಯರೇ,

೧. ಸುತ್ತೋಲೆಯ ಪ್ರಕಾರ ಪಠ್ಯದಲ್ಲಿನ ಪರದೇಶದ ಇಲಿ, ಗಂಟೆ ಕೇಳಿ ಜೊಲ್ಲು ಸುರಿಸುವ ನಾಯಿಗಳನ್ನು ಕೈಬಿಟ್ಟು ಊರಿನ ಉದಾಹರಣೆ ಹುಡುಕಿದೆನು. ನಮ್ಮ ಓಣಿಗೆ ಪ್ರತಿ ಸೋಮವಾರ ಜಂಗಮರಾದ ಕರಿಬಸಯ್ಯನವರು ಗಂಟೆ ಬಾರಿಸುತ್ತ ಭಿಕ್ಷೆಗೆ ಬರುತ್ತಾರೆ. ಗಂಟೆ ಕೇಳಿದೊಡನೆ ಹೆಣ್ಣುಮಕ್ಕಳು ಮೊರದಲ್ಲಿ ಜೋಳ ಹಿಡಿದು ಹೊರಬರುತ್ತಾರೆ. "ಇದು ಗಂಟೆಯಿಂದ ಆದ ಅಭ್ಯಾಸ, ಅಯ್ಯನವರು ನೆಪಮಾತ್ರ" ಎಂದು ಕರಿಹಲಗೆಯ ಮೇಲೆ ಬರೆದೆನು. ಅಲ್ಲಿಗೇ ನಿಲ್ಲಿಸಬೇಕಿತ್ತು.

೨. ನಿಲ್ಲಿಸಲಿಲ್ಲ. ಹನ್ನೊಂದು ಜನ ವಯಸ್ಕ ವಿದ್ಯಾರ್ಥಿಗಳಿಗೆ "ಪರೀಕ್ಷಿಸಿ ನೋಡಿರಿ" ಎಂದೆನು. ಆ ಕಾರಣ ಅವರು ತಮ್ಮ ಎತ್ತುಗಳ ಕೊರಳ ಗಂಟೆ ಬಿಚ್ಚಿಕೊಂಡು ಮೂರು ದಿನ ಮನೆಮನೆಯ ಮುಂದೆ ಬಾರಿಸಿದರು. ಜೋಳ ತಂದವರ ಹೆಸರು ಬರೆದುಕೊಂಡು, ಜೋಳ ಮುಟ್ಟದೆ, ನಮಸ್ಕರಿಸಿ ಮುಂದೆ ಹೋದರು. ಪಂಪಮ್ಮನವರು ಒಂದೇ ಮುಂಜಾನೆ ಒಂಬತ್ತು ಸಲ ಹೊರಬಂದರು. ಹಂಚಿನ ಮೇಲೆ ನಾಲ್ಕು ರೊಟ್ಟಿ ಇದ್ದಿಲಾದವು. ಹತ್ತನೆಯ ಸಲ ಮೊರ ಮಾತ್ರ ಬಂತು. ಅದು ವಿದ್ಯಾರ್ಥಿ ಮುದುಕಪ್ಪನ ಬೆನ್ನಿಗೆ ಬಿತ್ತು. ಅದನ್ನೂ ಫಲಿತಾಂಶವೆಂದು ದಾಖಲಿಸಿದೆನು.

೩. ಸೋಮವಾರ ಅಯ್ಯನವರೇ ಬಂದಾಗ ಒಂದು ಬಾಗಿಲೂ ತೆರೆಯಲಿಲ್ಲ. ಅವರು ಖಾಲಿ ಜೋಳಿಗೆ ಸಮೇತ ನೇರ ನನ್ನ ತರಗತಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತರು.

"ಮಾಸ್ತರ, ನಲವತ್ತು ವರ್ಷದ ಗಂಟಿ ಮೂರು ದಿನದಾಗ ಕೆಡಿಸೀರಿ. ಈಗ ರೊಟ್ಟಿ ಎಲ್ಲಿ ತಿನ್ನಲಿ, ಹೇಳ್ರಿ."

ಎಪ್ಪತ್ತರ ಹಿರಿಯರು ಹಸಿದು ಕೂತಿದ್ದನ್ನು ಕಂಡು ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದ್ದರಿಂದ ಮನೆಗೆ ಕರೆದೊಯ್ದೆನು. ಅಂದಿನಿಂದ ಅವರ ಊಟ ನಮ್ಮಲ್ಲಿಯೇ. ಸಂಗತಿ ತಿಳಿದ ನನ್ನ ಹೆಂಡತಿ ಕಸ್ತೂರೆಮ್ಮ, "ಅಯ್ಯನವರು ಉಣ್ಣಲಿ, ನೀವು ಉಣ್ಣೋದು ಬಿಡ್ರಿ" ಎಂದಿದ್ದಾಳೆ.

೪. ಕೆಟ್ಟುಹೋದ ಅಭ್ಯಾಸವನ್ನು ಬಹುಮಾನದಿಂದ ತಿದ್ದಬಹುದೆಂದು ಪಠ್ಯದ ಏಳನೆಯ ಅಧ್ಯಾಯದಲ್ಲಿದೆ. ಆದಕಾರಣ ಮರುಸೋಮವಾರ, ಹೊರಬಂದ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಚೂರು ಬೆಲ್ಲ ಕೊಡಲು ಅಯ್ಯನವರಲ್ಲಿ ಬಿನ್ನವಿಸಿದೆನು. ಎಲ್ಲ ಬಾಗಿಲೂ ತೆರೆದವು. ಎಲ್ಲರೂ ಬೆಲ್ಲ ಇಸಿದುಕೊಂಡು ಬಾಗಿಲು ಹಾಕಿಕೊಂಡರು.

"ಇವತ್ತು ಭಿಕ್ಷಾ ನಾನ ನೀಡಿ ಬಂದೀನಿ ನೋಡ್ರಿ" ಎಂದು ಅಯ್ಯನವರು ವರದಿ ಒಪ್ಪಿಸಿದರು.

೫. ಕೊನೆಗೆ ಪುಸ್ತಕ ಮುಚ್ಚಿಟ್ಟು ಪಂಪಮ್ಮನವರ ಅಂಗಳಕ್ಕೆ ಹೋಗಿ ಕೈಮುಗಿದೆನು.

"ಗಂಟಿಗೆ ಜೋಳ ಹಾಕ್ತೀವಂತ ಯಾವ ಪುಣ್ಯಾತ್ಮ ಹೇಳ್ಯಾನ್ರಿ ನಿಮಗ?" ಎಂದರು. "ಅಯ್ಯಗ ಹಸಿವಾಗಿರತೈತಂತ ಕೈಯಾಗಿನ ಕೆಲಸ ಬಿಟ್ಟು ಓಡಿ ಬರ್ತೀವಿ. ಅದನ್ನ ಆಟ ಮಾಡೀರಲ್ಲ! ಐದು ಸೋಮವಾರ ನೀವ ಜೋಳಿಗಿ ಹೊತ್ತು ಅಯ್ಯನ ಹಿಂದ ಬರ್ರಿ. ಆವಾಗ ಬಾಗಿಲ ತೆಗೀತೀವಿ."

"ಹೌದ್ಹೌದು!" ಎಂದು ಓಣಿಯೆಲ್ಲ ಅನುಮೋದಿಸಿತು.

೬. ಸೋಮವಾರ ಮುಂಜಾನೆ ನನ್ನ ತರಗತಿ ಇರುವ ಕಾರಣ, ರಜೆ ಇಲ್ಲದೆ ಜೋಳಿಗೆ ಹೊರಲಾಗದು. ಹೊರದಿದ್ದರೆ ಅಯ್ಯನವರಿಗೆ ಈ ಓಣಿಯಲ್ಲಿ ಭಿಕ್ಷೆ ಹುಟ್ಟದು. ಆದ್ದರಿಂದ ನಾಡಿದ್ದಿನಿಂದಲೇ ಐದು ಸೋಮವಾರ ರಜೆ ದಯಪಾಲಿಸಬೇಕು.

ತಮ್ಮ ವಿಶ್ವಾಸಿಯೂ ಪಂಪಮ್ಮನವರ ಅಪರಾಧಿಯೂ ಆದ,
ಆದೆಪ್ಪ

ಲಗತ್ತುಗಳು:
೧) ಹನ್ನೊಂದು ವಿದ್ಯಾರ್ಥಿಗಳ ತಪ್ಪೊಪ್ಪಿಗೆ.
೨) ಕರಿಹಲಗೆ ಒರೆಸಿದ ಬಗ್ಗೆ ಸ್ವಂತ ದೃಢೀಕರಣ.
೩) ಮೊರ (ಒಡತಿ ವಾಪಸು ಕೇಳಿದ್ದರಿಂದ ಲಗತ್ತಿಸಿಲ್ಲ).

ವಿ.ಸೂ.: ರಜೆ ಸಿಗದಿದ್ದಲ್ಲಿ ಅಯ್ಯನವರು ಲಿಂಗಸುಗೂರಿಗೆ ಬಂದು ತಮ್ಮ ಮನೆಯ ಬಾಗಿಲಲ್ಲಿ ನಿಲ್ಲುವವರಿದ್ದಾರೆ. ಗಂಟೆ ತರುವುದಿಲ್ಲವಂತೆ, ಹಸಿವಾಗಿದೆ ಎಂದು ಬಾಯಿಬಿಟ್ಟೇ ಕೇಳುತ್ತಾರಂತೆ. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಮಾಡಿಸಿಟ್ಟು, ತಾವೇ ಎದ್ದುಬಂದು ನೀಡಬೇಕಾಗಿ ಕೋರಿಕೆ.