ಬಿಯರ್ ಹೊಟ್ಟಿನ ಟೆಂಪೋ ಮತ್ತ ನನ್ನ ಲಗ್ನ

ಒಂದು ಗುಟುಕೂ ಕುಡೀಲಾರದಽ ಊರೂರಿಗೆ ಬಿಯರ್ ನಾತ ಹೊತ್ತು ತಿರುಗಿದಾಂವ ನಾನು, ಹಿಂಗಾಗಿ ನನಗ ದಿನಾ ಒಂದು ಫಜೀತಿ. ತೊಂಬತ್ತರ ದಶಕದಾಗ ಬಿಯರ್ ಫ್ಯಾಕ್ಟರಿಯಿಂದ ಹೊಟ್ಟು ತಂದು ಸವದತ್ತಿ ಕಡೆ ಎಮ್ಮಿ ಕಟ್ಟಿದವರಿಗೆ ಹಾಕತಿದ್ದೆ. ಜವಿಗೋಧಿ ಕುದಿಸಿ ರಸ ತಗದ ಮ್ಯಾಲೆ ಉಳಿಯೋ ಹಸಿ ಹೊಟ್ಟು ಅದು. ನಶಾ ಅಂತೂ ಇಲ್ಲ, ಬಿಸಿಲಿಗೆ ಹುಳತ ನಾತ ಮಾತ್ರ ರಗಡ. ಈ ನಾತದ ದೆಸಿಯಿಂದ ನನಗ ಯಾರೂ ಒಂದು ಕನ್ಯಾ ಕೊಡವಲ್ರು. ನಮ್ಮವ್ವ ಕಂಡಕಂಡ ದೇವರಿಗೆ ಹರಕಿ ಹೊತ್ತಿದ್ದಳು.

ಊದು ಅಂದ ಪೊಲೀಸ

ಬೈಲಹೊಂಗಲ ಹಾದ್ಯಾಗ ಒಬ್ಬ ಪೊಲೀಸಪ್ಪ ಟೆಂಪೋ ನಿಲ್ಲಿಸಿದ. ಹತ್ರ ಬಂದಾಂವ ಮೂಗು ಮುಚ್ಚಿಕೊಂಡು, "ಇಳಿ ಮಗನ. ಊದು!" ಅಂದ.

ಊದಿದೆ. ಮತ್ತೊಮ್ಮೆ ಊದಿಸಿದ. ಬಾಯಿ ಮೂಸಿದ, ಅಂಗಿ ಮೂಸಿದ, ತಲಿ ಕೆರಕೊಂಡ.

"ಬಾಯಾಗ ವಾಸನಿ ಇಲ್ಲ, ಮೈತುಂಬ ಐತಿ. ಏನಲೇ, ಬಿಯರ್‌ದಾಗ ಜಳಕಾ ಮಾಡೀ ಏನು?"

ಮಲಗಿದ ಎಮ್ಮಿ

ಹೂಲಿ ಅನ್ನೂ ಊರಾಗ ಒಬ್ಬ ರೈತ ಮೊದಲನೇ ಸಲ ಹೊಟ್ಟು ತಗೊಂಡ. ಎಮ್ಮಿ ಹೊಟ್ಟಿ ಬಿರಿಯುವಂಗ ತಿಂದು ಅಡ್ಡಾತು. ಓಣಿ ಮಂದಿ ಕೂಡಿ, "ಅಯ್ಯ, ಎಮ್ಮಿಗೆ ಏರೇತಿ!" ಅಂತ ಒದರಾಡಿದ್ರು. ಒಬ್ಬಾಕಿ ಮುದುಕಿ ನಶಾ ಇಳೀಲಿ ಅಂತ ಅದರ ನೆತ್ತಿಗೆ ಲಿಂಬಿಹಣ್ಣು ತಿಕ್ಕಿದಳು.

"ಅದು ನಿದ್ದಿ ಮಾಡಾಕತ್ತೈತಿ ಬೇ," ಅಂದೆ. ಯಾರೂ ನಂಬಲಿಲ್ಲ.

ಮರುದಿನ ಮುಂಜಾನಿ ಆ ಎಮ್ಮಿ ಹಾಲಿಗೆ ಪಾಳಿ ಹಚ್ಚಿದವರನ್ನ ನೋಡಿದ್ರ, ಊರಿನ ಕುಡುಕರೆಲ್ಲಾ ಚರಿಗಿ ಹಿಡಕೊಂಡು ನಿಂತಿದ್ರು!

ಮನೋಳಿ ಕನ್ಯಾ

ಕಡೀಕ ಮನೋಳ್ಯಾಗಿಂದ ಕನ್ಯಾ ನೋಡಾಕ ಬರ್ರಿ ಅಂತ ಕರಿ ಬಂತು; ಹುಡುಗ ಟೆಂಪೋ ಹೊಡೀತಾನ ಅನ್ನೂದಷ್ಟಽ ಅವರಿಗೆ ಗೊತ್ತಿತ್ತು. ಆ ಊರಿನ ಹೊಟ್ಟು ನಾನು ಹಾಲಿನ ಡೇರಿ ಮುಂದ ಇಳಿಸಿ ಬರತಿದ್ದೆ. ಅಲ್ಲಿಂದ ಯಾರ್ಯಾರ ಮನಿಗೆ ಹೋಗತೈತಿ ಅನ್ನೂದು ನನಗೇನು ಗೊತ್ತು? ಕನ್ಯಾ ನೋಡಾಕ ಹೋಗೂ ದಿನ ಮೈ ಸುಲಿಯುವಂಗ ತಿಕ್ಕಿಕೊಂಡು, ಅತ್ತರ ಹಚ್ಚಿಕೊಂಡು, ಹೊಸಾ ಅಂಗಿ ತೊಟ್ಟೆ. ಆದ್ರ ಅವ್ವನ್ನ ಕರಕೊಂಡು ಹೋಗಿದ್ದು ಅದಽ ಟೆಂಪೋದಾಗ.

ಹುಡುಗಿ ಅಪ್ಪ ಭಾಳ ಕಟ್ಟುನಿಟ್ಟಿನ ಮನುಷ್ಯಾ. ಚಾದ ಬದಲಿ ಹಾಲು ಕೊಟ್ಟು, "ಕುಡೀರಿ. ನಮ್ಮ ಎಮ್ಮಿ ಹಾಲಿನಂಥಾ ಹಾಲು ಜಿಲ್ಲಾದಾಗ ಸಿಗೂದಿಲ್ಲ. ಮುಂಜಾನಿ ಸಂಜಿ ತಂಬಿಗಿ ತುಂಬ ಕುಡೀತೇನಿ," ಅಂದ್ರು. ಹುಡುಗಿ ಬಂದು ಕುಂತಳು. ನನ್ನ ನೋಡಿ ನಕ್ಕಳು. ನನ್ನ ಜೀವ ಅಲ್ಲೇ ಕರಗಿ ನೀರಾತು.

ಅಷ್ಟರಾಗ ಅಪ್ಪನ ಮೂಗು ಅರಳಿತು. "ತಮ್ಮಾ, ಇದು ಬಿಯರ್ ವಾಸನಿ. ನಮ್ಮ ಮನ್ಯಾಗ ಅದರ ಗಾಳಿ ಸೈತ ಸುಳಿಯೂದಿಲ್ಲ. ಕುಡುಕಗ ಮಗಳನ್ನ ಕೊಡೂದಿಲ್ಲ. ಏಳ್ರಿ!"

ಹೊಟ್ಟಿನ ಮಾತು ಹೇಳಾಕ ಬಿಡಲೇ ಇಲ್ಲ. ಅವ್ವ ಕಣ್ಣೀರು ಒರಸಿಕೋತ ಎದ್ದಳು. ಅಂಗಳಕ್ಕ ಬಂದಿದ್ವಿ, ಕೊಟ್ಟಿಗ್ಯಾಗಿನ ಎಮ್ಮಿ ಹಗ್ಗ ಹರಕೊಂಡು ಓಡಿ ಬಂತು. ಬಂದದ್ದಽ ನನ್ನ ಹೊಸಾ ಅಂಗಿ ನೆಕ್ಕಾಕತ್ತಿತು. ನಾ ಟೆಂಪೋ ಕಡೆ ಓಡಿದ್ರ ಅದೂ ಓಡಿ ಬಂದು ಟೆಂಪೋದ ಹಲಗೀನೂ ನೆಕ್ಕಿತು.

ಅಪ್ಪ ಹೌಹಾರಿದ್ರು. "ಎಂದೂ ನೋಡಲಾರದ ಮನುಷ್ಯಾನ್ನ ಇದು ಹೆಂಗ ಗುರ್ತಾ ಹಿಡೀತು?"

ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ರು. ಕಡೀಕ ತಡೀಲಿಲ್ಲ. "ಎರಡು ವರ್ಷ ಆತ್ರಿ, ನೀವು ಹೊರಗ ಹೋದಾಗ ಡೇರಿಯಿಂದ ಬಿಯರ್ ಹೊಟ್ಟು ತಂದು ಎಮ್ಮಿಗೆ ಹಾಕಾಕತ್ತಿ. ನಿಮಗ ಹೇಳಿದ್ರ ಬ್ಯಾಡ ಅಂತಿದ್ರಿ. ಹಾಲು ಗಟ್ಟಿ ಅದಾವು ಅಂತ ತಂಬಿಗಿಗಟ್ಟಲೆ ಕುಡದಾವ್ರು ಯಾರು ಮತ್ತ?"

ಒಳಗಿಂದ ಹುಡುಗಿ ಕಿಸಕ್ಕನ ನಕ್ಕದ್ದು ಕೇಳಿಸಿತು. ಅಪ್ಪ ಕಟ್ಟಿಮ್ಯಾಲೆ ಕುಂತ್ರು, ಮೀಸಿ ಒರಸಿಕೊಂಡ್ರು. ಓಣಿ ಆ ಕಡೆ ಈ ಕಡೆ ನೋಡಿ ನನ್ನ ಹತ್ರ ಕರದು ಪಿಸುಗುಟ್ಟಿದ್ರು:

"ಅಳಿಯಂದ್ರ, ಮನಿ ಮಾತು ಹೊರಗ ಹೋಗಬಾರದು ನೋಡ್ರಿ."