ಅತ್ತೆ ನಪಾಸು ಮಾಡಿದ ಮನೆ ಮಾಲೀಕರು

ನಾಗಪುರದಲ್ಲಿ ಬಾಡಿಗೆದಾರರನ್ನು ಪರೀಕ್ಷಿಸುವ ಮನೆ ಮಾಲೀಕರಿಗೆ ಬರವಿಲ್ಲ. ಆದರೆ ಮಾಲೀಕರದೇ ಮನೆಯಲ್ಲಿ, ಮಾಲೀಕರದೇ ಸೋಫಾದ ಮೇಲೆ ಕುಳಿತು, ಮಾಲೀಕರನ್ನೇ ಪರೀಕ್ಷೆಗೆ ಒಡ್ಡಿ, ನಪಾಸು ಮಾಡಿ ಎದ್ದು ಬಂದ ಹೆಂಗಸು ಈ ಊರಿನಲ್ಲಿ ಒಬ್ಬಳೇ ಇದ್ದಾಳೆ. ಆಕೆ ನನ್ನ ಸೋದರತ್ತೆ! ಆಕೆಯನ್ನು ಕರೆದುಕೊಂಡು ಮನೆ ಹುಡುಕಲು ಹೊರಡುವುದು, ಉರಿಯುವ ಊದುಬತ್ತಿ ಹಿಡಿದು ಪಟಾಕಿ ಅಂಗಡಿಗೆ ಹೋದಂತೆ ಎಂದು ನನ್ನ ಅಪ್ಪ ಫೋನಿನಲ್ಲೇ ಎಚ್ಚರಿಸಿದ್ದರು. ನಾನು ಕೇಳಬೇಕಲ್ಲ!

ನಾನು ನೌಕಾಪಡೆಯ ನಾವಿಕಳು. ಯಾವ ದಿಕ್ಕಿಗೆ ರೈಲು ಹತ್ತಿದರೂ ಸಮುದ್ರ ಸಿಗಲು ಬಹಳ ಹೊತ್ತು ಬೇಕಾದ ಈ ಊರಿಗೆ ನಾವಿಕಳನ್ನೇಕೆ ಕಳಿಸುತ್ತಾರೆ ಎಂದು ನೀವು ಕೇಳಬಹುದು. ಹಡಗಿಗೆ ಬೇಕಾದದ್ದೆಲ್ಲ ಸಮುದ್ರದಲ್ಲಿ ಬೆಳೆಯುವುದಿಲ್ಲ ಸ್ವಾಮಿ. ಅದನ್ನು ತರಿಸಿ, ಸಾಗಿಸಿ, ಲೆಕ್ಕವಿಡುವ ಪುಟ್ಟ ಕಚೇರಿಯೊಂದು ಇಲ್ಲಿದೆ. ಅಲ್ಲಿಗೆ ಬಂದ ಮೊದಲ ಹೆಣ್ಣು ನಾನು. ಹೆಣ್ಣು ನಾವಿಕರಿಗೆ ವಸತಿ ಇನ್ನೂ ಸಿದ್ಧವಾಗಿರಲಿಲ್ಲವಾದ್ದರಿಂದ ಹೊರಗೆ ಬಾಡಿಗೆಗೆ ಇರಲು ಅನುಮತಿ ಸಿಕ್ಕಿತ್ತು. ವಾರಾಂತ್ಯದವರೆಗೆ ಕಚೇರಿಯ ಅತಿಥಿಗಳ ಕೋಣೆ ನನ್ನದು. "ಅಷ್ಟರಲ್ಲಿ ಮನೆ ಸಿಗದಿದ್ದರೆ ಚಿಂತೆ ಬೇಡ, ನಿನ್ನನ್ನು ಮರಳಿ ಕರಾವಳಿಗೆ ಕಳಿಸಿಕೊಡುತ್ತೇವೆ" ಎಂದು ಮೇಲಧಿಕಾರಿಗಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ಒಳ್ಳೆಯತನವೇ ನನ್ನನ್ನು ಹೆದರಿಸಿತು. ನಾನು ಹಿಂದಿರುಗಿದರೆ, 'ಈ ನಗರ ಒಬ್ಬ ಹೆಣ್ಣಿಗೆ ಸೂರು ನಿರಾಕರಿಸಿತು' ಎಂದು ಯಾರೂ ಹೇಳುವುದಿಲ್ಲ. 'ಹೆಣ್ಣುಮಕ್ಕಳನ್ನು ಹಾಕಿಕೊಂಡರೆ ಇದೇ ತಾಪತ್ರಯ' ಎನ್ನುತ್ತಾರೆ. ಊರು ಮಾಡಿದ ತಪ್ಪನ್ನು ಹೆಣ್ಣಿನ ತಲೆಗೆ ಕಟ್ಟುವುದು ನಮ್ಮ ಸಮಾಜದ ಅತ್ಯಂತ ಹಳೆಯ ಕೈಚಳಕ. ನನ್ನ ನಂತರ ಬರಬೇಕಾದವಳ ದಾರಿಯೂ ಮುಚ್ಚುತ್ತಿತ್ತು. ಆದ್ದರಿಂದ ನನಗೆ ಮನೆ ಬೇಕೇಬೇಕಿತ್ತು.

ಅತ್ತೆಯ ಜೊತೆಯಲ್ಲೇ ಇರಬಹುದಿತ್ತಲ್ಲ ಎನ್ನುವಿರಾ? ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಪೌರನೀತಿ ಕಲಿಸಿ ನಿವೃತ್ತಳಾದ, ಮದುವೆಯಾಗದ ನನ್ನ ಅತ್ತೆ ಇದೇ ಊರಿನ ಸದರ್ ಬಡಾವಣೆಯ ವೃದ್ಧ ಮಹಿಳೆಯರ ಹಾಸ್ಟೆಲ್ಲಿನಲ್ಲಿದ್ದಾಳೆ. ಅಲ್ಲಿ ಅತಿಥಿಗಳು ಸಂಜೆಯೊಳಗೆ ಹೊರಡಬೇಕು. ಇಳಕಲ್ ಸೀರೆಯ ಕೆಳಗೆ ಓಟದ ಬೂಟು, ಹೆಗಲಿಗೆ ನೀರಿನ ಬಾಟಲಿ, ಕೈಯಲ್ಲಿ ಕೊಡೆ: ಇದು ಆಕೆಯ ಸಮವಸ್ತ್ರ. ನನ್ನದಕ್ಕಿಂತ ಬಿಗಿಯಾದ ಶಿಸ್ತು! ನಾಗಪುರದ ಆ ಬೇಸಿಗೆಯಲ್ಲಿ, ಡಾಂಬರು ಚಪ್ಪಲಿಗೆ ಅಂಟುವ ಬಿಸಿಲಿನಲ್ಲಿ, ಆಕೆಗೊಂದು ವ್ರತವಿತ್ತು. ತೀರ್ಪು ಹೇಳುವ ಮುನ್ನ ಯಾವ ಮಾಲೀಕರ ಮನೆಯಲ್ಲೂ ಒಂದು ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ.

"ಉಪ್ಪುಂಡ ಮ್ಯಾಲೆ ನ್ಯಾಯ ಹೇಳಾಕ ನಾಲಗಿ ಏಳಂಗಿಲ್ಲವಾ" ಎನ್ನುತ್ತಿದ್ದಳು.

"ಅತ್ತಿ, ಅದು ಬರೇ ನೀರು. ಉಪ್ಪಲ್ಲ."

"ನಾಗಪುರದ ಬೋರಿನ ನೀರು ನೀ ಇನ್ನೂ ಕುಡಿದಿಲ್ಲ, ತಡಿ!"

ಮೊದಲ ಮನೆ ಸಿವಿಲ್ ಲೈನ್ಸ್‌ನಲ್ಲಿ, ದೊಡ್ಡ ಬಂಗಲೆಯ ಹಿಂದಿನ ಚಿಕ್ಕ ಕೋಣೆ. ಮಾಲೀಕರು ನಿವೃತ್ತ ಅಧಿಕಾರಿ. ನನ್ನ ಉದ್ಯೋಗ ಕೇಳಿದವರೇ ನಗತೊಡಗಿದರು. "ನಾಗಪುರ್ ಮೇ ನೇವಿ? ಅಂಬಾಝರಿ ತಲಾವ್ ಮೇ ಜಹಾಜ್ ಚಲಾತೀ ಹೋ ಕ್ಯಾ?" ಊರ ಕೆರೆಯಲ್ಲಿ ಹಡಗು ನಡೆಸುವವಳೆಂಬ ಬಿರುದನ್ನು ನಾನು ನಗುತ್ತಲೇ ಸ್ವೀಕರಿಸಿದೆ. ಆಮೇಲೆ ನಿಜವಾದ ಪ್ರಶ್ನೆ ಬಂತು: "ಪೂರ್ತಿ ಹೆಸರೇನು? ಅಡ್ಡಹೆಸರು?"

ಅಡ್ಡಹೆಸರಿನಲ್ಲಿ ಜಾತಿ ಅಡಗಿರುತ್ತದೆಂದು ಅದನ್ನು ಹಾಜರಿಯಿಂದಲೇ ಕೈಬಿಟ್ಟ ಶಾಲೆಯಲ್ಲಿ ಓದಿದವಳು ನಾನು. ನನಗಿರುವುದು ನನ್ನ ಹೆಸರು, ಅದರ ಹಿಂದೆ ಅಪ್ಪನ ಹೆಸರು; ಅಷ್ಟೆ. ಅವರು ಮತ್ತೆ ಕೇಳಿದರು. ಮತ್ತೊಮ್ಮೆಯೂ ಕೇಳಿದರು. ಇದನ್ನು ವಿಚಾರಣೆ ಎಂದು ಕರೆಯುವುದು ಸೌಜನ್ಯ. ಇದರ ಸರಿಯಾದ ಹೆಸರು ಜಾತಿಭೇದ. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೊಡೆಯನ್ನು ನೆಲಕ್ಕೆ ಊರಿ ಮುಂದೆ ಬಾಗಿದಳು.

"ಬರೋಬರ್. ಈಗ ನಮ್ಮ ಸರದಿ" ಎಂದು ಹಿಂದಿಯಲ್ಲಿ ಶುರುಮಾಡಿದಳು. "ನೀವು ರಾತ್ರಿ ಎಷ್ಟಕ್ಕೆ ಮನೆಗೆ ಬರುತ್ತೀರಿ? ಕುಡಿಯುತ್ತೀರಾ? ನಿಮ್ಮನ್ನು ಕಾಣಲು ಎಂಥ ಗೆಳೆಯರು ಬರುತ್ತಾರೆ? ಹುಡುಗಿ ಒಬ್ಬಳೇ ಇರುತ್ತಾಳೆ, ನಾವು ನೋಡಿಕೊಳ್ಳಬೇಕಲ್ಲ! ನಿಮ್ಮ ನಡತೆಗೆ ಯಾರಾದರೂ ಇಬ್ಬರು ಜಾಮೀನು ಕೊಡುತ್ತಾರಾ?"

ಅಧಿಕಾರಿಗಳ ಮುಖ ಅವರ ಅಂಗಳದ ಕಾಗದದ ಹೂವಿನ ಬಣ್ಣಕ್ಕೆ ತಿರುಗಿತು. "ನನ್ನನ್ನೇ ಕೇಳುತ್ತೀರಾ? ನನ್ನ ಮನೆಯಲ್ಲಿ?"

"ನಪಾಸ್" ಎಂದು ಅತ್ತೆ ಎದ್ದಳು. "ಏಳವಾ. ಪ್ರಶ್ನೆ ಕೇಳಾಕ ಬರ್ತೈತಿ, ಉತ್ತರ ಕೊಡಾಕ ಬರಂಗಿಲ್ಲ ಇವರಿಗೆ."

ಎರಡನೆಯದು ದೊಡ್ಡ ಅಪಾರ್ಟ್‌ಮೆಂಟು. ಅಲ್ಲಿನ ಕಾರ್ಯದರ್ಶಿ ಬಾಗಿಲಲ್ಲೇ ತಡೆದು, ಫ್ಯಾಮಿಲಿಗೆ ಮಾತ್ರ ಕೊಡುವುದೆಂದರು.

"ಫ್ಯಾಮಿಲಿ ಎಂದರೆ ಎಷ್ಟು ಜನ?" ಎಂದು ಅತ್ತೆ ಕೇಳಿದಳು.

"ಕಡಿಮೆಯೆಂದರೆ ಇಬ್ಬರು."

"ನಾನು ದಿನಾ ಬರುತ್ತೇನೆ. ಇಬ್ಬರೂ ಜಗಳವಾಡುತ್ತೇವೆ. ಅದಕ್ಕಿಂತ ಫ್ಯಾಮಿಲಿ ಬೇಕೇನು?"

ಅವರಿಗೆ ಬೇಕಿತ್ತು. ಗಂಡನೆಂಬ ಪ್ರಾಣಿ ಬೇಕಿತ್ತು. ಹೆಣ್ಣು ತನ್ನ ಹೆಸರಿನಲ್ಲಿ ಸಹಿ ಮಾಡಬಲ್ಲಳು, ಸಂಬಳ ಪಡೆಯಬಲ್ಲಳು, ದೇಶ ಕಾಯಬಲ್ಲಳು. ಬಾಗಿಲ ಮೇಲೆ ತನ್ನ ಹೆಸರು ಮಾತ್ರ ಬರೆಸಬಾರದು! ಅತ್ತೆ ಆ ಕಟ್ಟಡವನ್ನು ಇಡಿಯಾಗಿ ನಪಾಸು ಮಾಡಿದಳು, ಅದರ ಲಿಫ್ಟನ್ನೂ ಸೇರಿಸಿ.

ಸದರ್‌ನ ಮೂರನೆಯ ಮನೆಯಲ್ಲಿ ನನ್ನ ಆಸೆ ಚಿಗುರಿತು. ಬ್ಯಾಂಕಿನಿಂದ ನಿವೃತ್ತರಾದ ಮೈಸೂರು ಕಡೆಯ ದಂಪತಿಗಳು. ಕೂಲರಿನ ತಣ್ಣನೆಯ ಗಾಳಿ. ಬೇವಿನ ಮರಕ್ಕೆ ತೆರೆದುಕೊಂಡ ಕೋಣೆ.

"ಅಯ್ಯೋ, ಕನ್ನಡದವರು! ಬನ್ನಿ ಬನ್ನಿ. ಈ ಊರಲ್ಲಿ ಕನ್ನಡ ಕಿವಿಗೆ ಬಿದ್ರೆ ಎಷ್ಟು ಸಂತೋಷ ಆಗತ್ತೆ ಗೊತ್ತಾ?" ಎಂದರು ಮನೆಯಾಕೆ. ಯಜಮಾನರು ಕನ್ನಡಕ ಸರಿಪಡಿಸಿಕೊಂಡು, "ಅಂದ ಹಾಗೆ, ನೀವು ನಮ್ಮವರೇ ತಾನೆ?" ಎಂದರು.

"ಕನ್ನಡದವರು ಅಂತ ನಿಮ್ಮ ಮನಿಯವರ ಹೇಳಿದ್ರಲ್ರಿ" ಎಂದಳು ಅತ್ತೆ.

"ಅದಲ್ಲ... ನಮ್ಮವರು ಅಂದ್ರೆ, ನಮ್ಮವರು."

ಪರಭಾಷೆಯಲ್ಲಿ ಬಿದ್ದ ಏಟಿಗಿಂತ ಇದು ಹೆಚ್ಚು ನೋಯಿಸಿತು. ಸಾವಿರ ಜನರ ನಡುವೆ ನಮ್ಮನ್ನು ಗುರುತಿಸಿ ಒಳಗೆ ಕರೆದ ಭಾಷೆಯೇ ಹೊಸ್ತಿಲಲ್ಲಿ ನಿಲ್ಲಿಸಿ ಜರಡಿ ಹಿಡಿಯಿತಲ್ಲ! ಅಷ್ಟರಲ್ಲಿ ಮನೆಯಾಕೆಗೆ ನನ್ನ ಮೇಲೆ ಕರುಣೆ ಉಕ್ಕಿತು. "ಹೋಗ್ಲಿ ಬಿಡೀಂದ್ರೆ, ಮಗು ಬಿಸಿಲಲ್ಲಿ ಬಾಡಿಹೋಗಿದೆ. ಯಾರಾದ್ರೂ ಕೇಳಿದ್ರೆ ನಮ್ಮ ದೂರದ ಸಂಬಂಧ ಅಂದ್ಬಿಡೋಣ. ಮೊಟ್ಟೆ, ಮೀನು ಎಲ್ಲ ಹೊರಗೇ ತಿಂದ್ಕೊಂಡು ಬರ್ಲಿ. ಯಾರಿಗೆ ಗೊತ್ತಾಗತ್ತೆ?"

ಕೂಲರಿನ ಗಾಳಿ ನನ್ನ ಕುತ್ತಿಗೆಯನ್ನು ಸವರುತ್ತಿತ್ತು. ಒಂದೇ ಒಂದು ಸಣ್ಣ ಸುಳ್ಳು, ಮನೆ ನನ್ನದು, ಕೆಲಸ ಭದ್ರ. ನನ್ನ ತಲೆ ಒಪ್ಪಿಗೆಗೆ ಅಲ್ಲಾಡುವುದರಲ್ಲಿತ್ತು.

"ನನಗ ಗೊತ್ತಾಗ್ತೈತಲ್ರಿ" ಎಂದಳು ಅತ್ತೆ, ಅಪರೂಪದ ಮೃದು ದನಿಯಲ್ಲಿ. "ಅದೂ ಅಲ್ಲದ, ಸಂಬಂಧಿಕರಂತ ಹೇಳಿದ ಮ್ಯಾಲೆ ನಾಳೆ ನೀವು ಹೋದ್ರ ಈ ಹುಡುಗಿ ಸೂತಕ ಹಿಡೀಬೇಕಾಗ್ತೈತಿ. ನೇವಿಯವರು ಅದಕ್ಕೆಲ್ಲಾ ರಜಾ ಕೊಡಂಗಿಲ್ರಿ."

ಯಜಮಾನರಿಗೆ ಕೆಮ್ಮು ಹತ್ತಿಕೊಂಡಿತು. ನಾವು ಬೀದಿಗೆ ಬಂದೆವು. ಬೀದಿಯಲ್ಲಿ ನನ್ನ ಸಹನೆಯೂ ಬೀದಿಗೆ ಬಿತ್ತು.

"ಅತ್ತಿ, ನಾವು ಮನಿ ಹುಡುಕಾಕ ಬಂದೇವೋ, ದೇಶ ತಿದ್ದಾಕ ಬಂದೇವೋ?"

"ಎರಡೂ ಬ್ಯಾರೆ ಬ್ಯಾರೆ ಅಂತ ನಿನ್ನ ಆ ಸಾಲ್ಯಾಗ ಹೇಳಿಕೊಟ್ರೇನು?"

"ನಾಡದು ನನ್ನ ಕೋಣಿ ಖಾಲಿ ಮಾಡಬೇಕು!"

"ಮಾಡೋಣಂತ. ಸುಳ್ಳು ಹೇಳಿ ಹೊಕ್ಕ ಮನ್ಯಾಗ ದಿನಾ ಕಳ್ಳರಂಗ ಮೀನು ತಿಂದು ಬಾಯಿ ತೊಳಕೊಂಡು ಬರ್ತಿಯೇನು? ನೀ ಸಿಪಾಯಿ ಅದಿಯೋ, ಸ್ಮಗ್ಲರ್ ಅದಿಯೋ?"

ಆಟೋ ಹಿಡಿದೆವು.

ನಾಲ್ಕನೆಯ ಮನೆ ಮನೀಶ್ ನಗರದಲ್ಲಿ, ಇನ್ನೂ ಬಣ್ಣ ಕಾಣದ ಮನೆಯ ಮೇಲಂತಸ್ತಿನ ಒಂಟಿ ಕೋಣೆ. ಒಡತಿ ಐವತ್ತು ದಾಟಿದ ಮರಾಠಿ ವಿಧವೆ. ಕೆಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದವಳು ಕೊರಳಿನ ಅಳತೆ ಪಟ್ಟಿಯನ್ನೂ ತೆಗೆಯದೆ ನಮ್ಮನ್ನು ಮೇಲಕ್ಕೆ ಕರೆದೊಯ್ದಳು. ಅತ್ತೆ ಸೋಫಾ ಹುಡುಕಿದಳು, ಇರಲಿಲ್ಲ. ನಿಂತೇ ಪರೀಕ್ಷೆ ಆರಂಭಿಸಿದಳು. ರಾತ್ರಿ ಎಷ್ಟಕ್ಕೆ ಮಲಗುತ್ತೀರಿ, ಮನೆಗೆ ಯಾರು ಬರುತ್ತಾರೆ, ನಡತೆಗೆ ಯಾರು ಜಾಮೀನು, ಎಲ್ಲವನ್ನೂ ಕೇಳಿದಳು. ಒಡತಿಗೆ ಸಿಟ್ಟೇ ಬರಲಿಲ್ಲ! "ವಿಚಾರಾ, ವಿಚಾರಾ" ಎಂದು ಇನ್ನಷ್ಟು ಕೇಳಲು ಹುರಿದುಂಬಿಸಿದಳು. ಹತ್ತಕ್ಕೆ ಮಲಗುತ್ತಾಳಂತೆ, ಗೊರಕೆ ಹೊಡೆಯುತ್ತಾಳಂತೆ, ಕಟಿಂಗ್ ಕೆಟ್ಟ ಬ್ಲೌಸಿನ ಗಿರಾಕಿಗಳು ಬಂದು ಕೂಗಾಡುತ್ತಾರಂತೆ, ಜಾಮೀನಿಗೆ ಆ ಗಿರಾಕಿಗಳನ್ನು ಬಿಟ್ಟು ಬೇರೆ ಯಾರನ್ನಾದರೂ ಕೇಳಬಹುದಂತೆ.

"ಈಗ ನೀವು ಕೇಳಿ" ಎಂದಳು ಅತ್ತೆ, ಕೊಡೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು.

ಒಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಪಾಣೀ ಕಿತಿ ಲಾಗತೆ?"

"ಏನು?"

"ನೀರು ಎಷ್ಟು ಬೇಕು ಇವಳಿಗೆ? ಹುಡುಗಿ ಸಮುದ್ರದಲ್ಲಿದ್ದವಳು. ಇಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತದೆ ತಾಯಿ!"

ಮನೆಗೆ ಸಂಬಂಧಿಸಿದ ಪ್ರಶ್ನೆಯೊಂದನ್ನು ಮಾಲೀಕರೊಬ್ಬರು ನಮಗೆ ಕೇಳಿದ್ದು ಅದೇ ಮೊದಲು. ಅತ್ತೆ ಅಡ್ಡಹೆಸರನ್ನು, ಮೊಟ್ಟೆಯನ್ನು, ಮೀನನ್ನು, ಮದುವೆಯನ್ನು ತಾನೇ ಒಂದೊಂದಾಗಿ ಮುಂದಿಟ್ಟು ಕೆಣಕಿದಳು. ಒಡತಿ ಅಳತೆ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತಾ, "ಅವಳ ಮನೆ, ಅವಳು ನೋಡಿಕೊಳ್ಳುತ್ತಾಳೆ. ನಾನು ಕೆಳಗಿರುತ್ತೇನೆ" ಎಂದಳು.

ಅತ್ತೆ ಕೊಡೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ, ನನ್ನ ಕಣ್ಣನ್ನು ನಾನೇ ನಂಬದಂತೆ, ನೀರು ಕೇಳಿ ಕುಡಿದಳು. ಗಟಗಟನೆ, ಎರಡು ಲೋಟ!

ಕೋಣೆ ನನ್ನದಾಯಿತು. ನಾನು ಇಲ್ಲೇ ಉಳಿಯುವವಳಾದೆ. ಒಡತಿ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ಮಾತಿನ ನಡುವೆ, "ನೀವೂ ಇವಳ ಜೊತೆಯೇ ಇರಬಹುದಲ್ಲ? ನಿಮ್ಮ ಮನೆ ಎಲ್ಲಿ?" ಎಂದು ಅತ್ತೆಯನ್ನು ಕೇಳಿದಳು.

"ಮನೆಯೆಲ್ಲಿ ಬಂತು? ರಿಟೈರ್ ಆದಾಗ ಈ ಊರೆಲ್ಲ ತಿರುಗಿದೆ" ಎಂದಳು ಅತ್ತೆ, ಯಾವುದೋ ಬೇರೆಯವರ ಸುದ್ದಿ ಹೇಳುವಂತೆ. "ಒಂಟಿ ಮುದುಕಿ, ನಾಳೆ ಒಳಗೇ ಸತ್ತರೆ ಯಾರು ಹೊಣೆ ಎಂದರು. ಹಾಸ್ಟೆಲ್ಲಿನವರು ಇಟ್ಟುಕೊಂಡರು. ಅಲ್ಲೂ ಅದೇ ಭಯ. ಕೋಣೆಗಳಿಗೆ ಒಳಗಿನಿಂದ ಚಿಲಕವಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಆಕೆ ಬೂಟು ಕಳಚಿ ಖಾಲಿ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು.

ನಾವು ಕಾದೆವು. ಒಡತಿ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಮೆಲ್ಲಗೆ ಬಾಗಿಲು ತಟ್ಟಿದೆ.

"ಚಿಲಕ ಚಲೋ ಬೀಳ್ತೈತವಾ" ಎಂದಿತು ಒಳಗಿನ ದನಿ. ತುಸು ತಡೆದು, "ಇನ್ನೊಂಚೂರು ಹೊತ್ತು ನಾ ಇಲ್ಲೇ ಇರ್ಲೇನು?" ಎಂದಿತು.

ಅತ್ತೆ ಯಾರ ಅಪ್ಪಣೆಯನ್ನಾದರೂ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೂಂ ಎಂದೆ. ಆಮೇಲೆ ಆ ಬಾಗಿಲಿಗೆ ಬೆನ್ನು ಕೊಟ್ಟು, ಹಡಗಿನ ಮೇಲೆ ಕಾವಲಿಗೆ ನಿಲ್ಲುವಂತೆ ನೆಟ್ಟಗೆ ನಿಂತುಕೊಂಡೆ. ಇನ್ನು ಯಾರೂ ಬಂದು ಅದನ್ನು ತಟ್ಟದ ಹಾಗೆ.